ನಮ್ಮ ಶಾಖೆ ಬೇರೆಲ್ಲೂ ಇಲ್ಲ

ಪುಣೆಯ ಸದಾಶಿವ ಪೇಠೆಯಲ್ಲಿ ಮಧ್ಯಾಹ್ನ ಒಂದೂವರೆಗೆ ಚೀಲ ಹಿಡಿದು ಹೊರಟವನು ಊರಿಗೆ ಹೊಸಬ ಎಂದೇ ಲೆಕ್ಕ. ಇಪ್ಪತ್ತು ವರ್ಷದ ಹಿಂದೆ ನಾನೂ ಹಾಗೆ ಹೊರಟಿದ್ದೆ. ಬೇಕಿದ್ದದ್ದು ಕಾಲು ಕಿಲೋ ಗೋಡಂಬಿ, ಅಷ್ಟೇ. ಷಟರ್ ಅರ್ಧ ಇಳಿದಿತ್ತು. ಒಳಗೆ ಫ್ಯಾನ್ ತಿರುಗುವ ಸದ್ದು, ಅದರಡಿ ಯಾರದೋ ಗೊರಕೆ. ಬಾಗಿಲ ಪಕ್ಕ ಮರಾಠಿಯಲ್ಲಿ ಎರಡು ಬೋರ್ಡು. ಮೇಲಿನದರಲ್ಲಿ 'ಮಧ್ಯಾಹ್ನ 1ರಿಂದ 4 ಬಂದ್' ಎಂದೂ ಕೆಳಗಿನದರಲ್ಲಿ 'ನಮ್ಮ ಶಾಖೆ ಬೇರೆಲ್ಲೂ ಇಲ್ಲ' ಎಂದೂ ಬರೆದಿತ್ತು. ಬೇಕಾದರೆ ಇಲ್ಲಿಗೇ ಬಾ, ಅದೂ ನಾಲ್ಕಕ್ಕೆ ಬಾ ಎಂಬುದನ್ನು ಅಂಗಡಿಯವನು ನಿದ್ದೆಯಲ್ಲೇ ಹೇಳಿ ಮುಗಿಸಿದ್ದ.

ಇವಕ್ಕೆ 'ಪುಣೇರಿ ಪಾಟಿ' ಎನ್ನುತ್ತಾರೆ. ಪಾಟಿ ಎಂದರೆ ಬೋರ್ಡು. ಗೇಟಿನ ಮುಂದೆ ಗಾಡಿ ನಿಲ್ಲಿಸಿದವನಿಗೆ, ವಿಳಾಸ ಕೇಳಲು ಬಂದವನಿಗೆ, ಚೌಕಾಸಿ ಮಾಡುವವನಿಗೆ, ಒಬ್ಬೊಬ್ಬನಿಗೂ ಒಂದೊಂದು ಬೋರ್ಡು. ಪುಣೆಯ ಅಂಗಡಿಕಾರರು ಗಿರಾಕಿಯನ್ನು ನಡೆಸಿಕೊಳ್ಳುವ ಬಗೆಯನ್ನು ಮರಾಠಿ ಹಾಸ್ಯ ಲೇಖಕ ಪು.ಲ. ದೇಶಪಾಂಡೆ ಹಾಸ್ಯ ಮಾಡಿ ಮಾಡಿ ಇಡೀ ಮಹಾರಾಷ್ಟ್ರವನ್ನು ನಗಿಸಿದರು. ನಕ್ಕವರಲ್ಲಿ ಪುಣೆಯ ಅಂಗಡಿಕಾರರೂ ಇದ್ದರು. ನಕ್ಕು ಮತ್ತೆ ಒಂದು ಗಂಟೆಗೆ ಷಟರ್ ಎಳೆದರು.

ಆದರೆ ಆ ಬೋರ್ಡು ಬರೀ ಸೊಕ್ಕಿನದಲ್ಲ. ಮಾಲು ಚೆನ್ನಾಗಿದೆ, ತೂಕ ಸರಿಯಿದೆ, ಬೆಲೆ ಒಂದೇ, ನೀನು ಬಾರದಿದ್ದರೆ ಇನ್ನೊಬ್ಬ ಬರುತ್ತಾನೆ ಎಂಬ ಧೈರ್ಯವೂ ಅದರಲ್ಲಿದೆ. 1950ರಲ್ಲಿ ಪುಣೆಯಲ್ಲಿ ಶುರುವಾದ ಚಿತಳೆ ಬಂಧು ಮಿಠಾಯಿ ಅಂಗಡಿ ಮಧ್ಯಾಹ್ನ ಮುಚ್ಚುವುದಕ್ಕೇ ಎಷ್ಟು ಹೆಸರಾಗಿತ್ತೆಂದರೆ, 2017ರಲ್ಲಿ ಇನ್ನು ಮುಂದೆ ಒಂದರಿಂದ ನಾಲ್ಕೂ ತೆರೆದಿರುತ್ತೇವೆ ಎಂದದ್ದು ಪತ್ರಿಕೆಗಳಿಗೆ ಸುದ್ದಿಯಾಯಿತು. ಅಂಗಡಿ ಬಾಗಿಲು ತೆರೆದಿಟ್ಟರೆ ಸುದ್ದಿಯಾಗುವ ಊರು ಇನ್ನೆಲ್ಲಿದೆ? ಧಾರವಾಡದ ಲೈನ್ ಬಜಾರಿನಲ್ಲಿ ಪೇಡೆಗೆ ಸಾಲಲ್ಲಿ ನಿಂತು, ಸರದಿ ಬರುವಷ್ಟರಲ್ಲಿ 'ಮುಗೀತು' ಎನ್ನಿಸಿಕೊಂಡು ಬಂದವರಿಗೆ ಇದು ಹೊಸದೂ ಅಲ್ಲ. ಮುಗೀತು ಎಂಬ ಮಾತಿಗಿಂತ ದೊಡ್ಡ ಜಾಹೀರಾತಿಲ್ಲ. ಒಂದೇ ಷರತ್ತು, ಬಾಗಿಲ ಹೊರಗೆ ಸಾಲು ಇರಬೇಕು.

ಸಾಲೇ ಇಲ್ಲದವನು ಏನು ಮಾಡಬೇಕು?

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಪುಣೆಯಲ್ಲಿ ಈ ಪ್ರಶ್ನೆ ದೊಡ್ಡವರು ಸಣ್ಣವರು ಎನ್ನದೆ ಎಲ್ಲರ ಗಲ್ಲಾದ ಮೇಲೂ ಬಂದು ಕೂತಿತು. ಮಹಾರಾಷ್ಟ್ರದ ಮೊದಲ ಕೊರೊನಾ ರೋಗಿಗಳು ಆ ತಿಂಗಳ 9ರಂದು ಸಿಕ್ಕಿದ್ದು ಈ ಊರಿನಲ್ಲೇ. ಏಪ್ರಿಲಿನಲ್ಲಿ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್ ಕೂಡ ಮುಚ್ಚಿತು. ರಾಜ್ಯದಲ್ಲಿ ಹೋಟೆಲಿನೊಳಗೆ ಕೂತು ಉಣ್ಣಲು ಮತ್ತೆ ಅನುಮತಿ ಸಿಕ್ಕಿದ್ದು ಅಕ್ಟೋಬರ್ 5ಕ್ಕೆ, ಅದೂ ಅರ್ಧ ಕುರ್ಚಿಗೆ. ಮರುವರ್ಷದ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಅದೂ ನಿಂತಿತು.

ಕೋಥ್ರೂಡ್ ಕಡೆ ಒಂದು ಖಾನಾವಳಿ ಇದೆ. ವಿಜಯಪುರದ ಕಡೆಯ ಗಂಡ ಹೆಂಡತಿ ನಡೆಸುತ್ತಾರೆ. ಅವರು ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ಹೆಂಡತಿಯನ್ನು ಅಕ್ಕಾರು ಎಂದಷ್ಟೇ ಕರೆಯುತ್ತೇನೆ. ನಾಲ್ಕು ಮೇಜು, ಗೋಡೆಗೆ ಸಿದ್ಧೇಶ್ವರ ಸ್ವಾಮೀಜಿಯ ಫೋಟೊ, ಮೂಲೆಯಲ್ಲಿ ನೀರಿನ ಹಂಡೆ. ಬರುತ್ತಿದ್ದವರು ಎರಡೇ ಬಗೆ, ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯ ಮೇಸ್ತ್ರಿಗಳು ಮತ್ತು ಪರೀಕ್ಷೆಗೆ ಓದುವ ಹುಡುಗರು. ಬೀಗ ಬಿದ್ದ ವಾರದಲ್ಲೇ ಎರಡೂ ಬಗೆಯವರು ಊರು ಬಿಟ್ಟರು. ಕೆಲವರ ಉದ್ರಿ ಪಟ್ಟಿಯಲ್ಲಿ ಹಾಗೇ ಉಳಿಯಿತು. ಉಳಿದದ್ದು ಎರಡು ಚೀಲ ಮಾಲದಂಡಿ ಜೋಳ ಮತ್ತು ಒಂದು ತಿಂಗಳ ಬಾಡಿಗೆ.

ಅಕ್ಕಾರು ಎದುರಿನ ಅಪಾರ್ಟ್‌ಮೆಂಟಿನ ವಾಚ್‌ಮನ್ ಕಡೆಯಿಂದ ಅಲ್ಲಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು ಹಾಕಿಸಿದರು. ರುಚಿಯಾದ, ಶುಚಿಯಾದ ಮನೆ ಊಟ, ಹತ್ತು ಪರ್ಸೆಂಟ್ ರಿಯಾಯಿತಿ. ಬರೆದುಕೊಟ್ಟವನು ನಾನೇ, ಆದ್ದರಿಂದ ಅದರ ಗತಿಯನ್ನೂ ನಾನೇ ಹೇಳಬಹುದು. ಮೂರು ಹೆಬ್ಬೆರಳು ಬಂದವು, ಎರಡು ಕೈಮುಗಿದ ಚಿತ್ರ ಬಂದವು, ಆರ್ಡರ್ ಒಂದೂ ಬರಲಿಲ್ಲ.

ನಾಲ್ಕು ದಿನ ಬಿಟ್ಟು ಅವರೇ ಇನ್ನೊಂದು ಹಾಕಿದರು. ನನ್ನನ್ನು ಕೇಳಲಿಲ್ಲ, ಕೇಳದಿದ್ದದ್ದೇ ಒಳ್ಳೆಯದಾಯಿತು. ಅವರ ಅಂದಗೇಡಿ ಮರಾಠಿಯಲ್ಲಿ ಇದ್ದದ್ದಿಷ್ಟು: ಸಂಜೆ ಆರಕ್ಕೆ ನಲವತ್ತು ಜೋಳದ ರೊಟ್ಟಿ ಬಡಿಯುತ್ತೇನೆ, ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ನಲವತ್ತು ಮುಗಿದರೆ ಇಲ್ಲ. ಕೆಳಗೆ ಮಗ ತೆಗೆದ ಇಪ್ಪತ್ತು ಸೆಕೆಂಡಿನ ವಿಡಿಯೊ. ಮುಖ ಕಾಣುವುದಿಲ್ಲ, ಬಳೆ ಹಾಕಿದ ಎರಡು ಕೈ, ಹಿಟ್ಟು ಉದುರಿದ ಹಲಗೆ, ರೊಟ್ಟಿ ಬಡಿಯುವ ಸದ್ದು, ಕೊನೆಗೆ ಹಂಚಿನ ಮೇಲೆ ನೀರು ಸವರಿದಾಗ ಎದ್ದ ಹಬೆ. ಏಳು ಗಂಟೆಯೊಳಗೆ ನಲವತ್ತೂ ಹೋದವು.

ನಾನು ಆಮೇಲೆ ಎಷ್ಟೋ ಸಲ ಈ ಎರಡು ಮೆಸೇಜುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ನನ್ನದು ಯಾವ ಊರಿನ ಯಾವ ಖಾನಾವಳಿಯದೂ ಆಗಬಹುದಿತ್ತು. ಅವರದರಲ್ಲಿ ಹೊತ್ತು ಇತ್ತು, ಲೆಕ್ಕ ಇತ್ತು, ಕೈ ಇತ್ತು. ಹೊರಗಿನ ಊಟ ಮುಟ್ಟಲು ಜನ ಹೆದರುತ್ತಿದ್ದ ದಿನಗಳು ಅವು. ಆ ಕೈ ಕಂಡದ್ದೇ ದೊಡ್ಡ ಭರವಸೆ.

ರಿಯಾಯಿತಿಯ ಮಾತು ಬಂತು, ಅದರ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕಷ್ಟದ ಕಾಲದಲ್ಲಿ ಸಣ್ಣ ವ್ಯಾಪಾರಿಗೆ ಮೊದಲು ಹೊಳೆಯುವ ಉಪಾಯ ಬೆಲೆ ಇಳಿಸುವುದು. ನೂರು ರೂಪಾಯಿಗೆ ಮಾರುವ ಊಟಕ್ಕೆ ಎಂಬತ್ತು ಖರ್ಚು ಬಿದ್ದರೆ ಉಳಿಯುವುದು ಇಪ್ಪತ್ತು. ಹತ್ತು ಪರ್ಸೆಂಟ್ ಬಿಟ್ಟರೆ ತೊಂಬತ್ತಕ್ಕೆ ಮಾರಬೇಕು, ಉಳಿಯುವುದು ಹತ್ತು. ಅಂದರೆ ಮೊದಲಿನಷ್ಟೇ ದುಡ್ಡು ಗಿಟ್ಟಬೇಕಾದರೆ ಎರಡು ಪಟ್ಟು ಊಟ ಮಾರಬೇಕು, ಎರಡು ಪಟ್ಟು ರೊಟ್ಟಿ ಬಡಿಯಬೇಕು. ಗಿರಾಕಿಯೇ ಇಲ್ಲದ ದಿನಗಳಲ್ಲಿ ಎರಡು ಪಟ್ಟು ಗಿರಾಕಿ ಎಲ್ಲಿಂದ? ಊಟ ತಲುಪಿಸುವ ಆ್ಯಪ್‌ಗಳಿಗೆ ಸೇರಿದರೆ ಬಿಲ್ಲಿನ ಕಾಲು ಭಾಗದ ಆಸುಪಾಸು ಕಮಿಷನ್ನಿಗೇ ಹೋಗುತ್ತದೆ. ಇಪ್ಪತ್ತು ಉಳಿಯುವ ಕಡೆ ಇಪ್ಪತ್ತೈದು ಕೊಟ್ಟರೆ ಕೈಯಿಂದಲೇ ಹಾಕಿದಂತಾಯಿತು. ದೊಡ್ಡ ಕಂಪನಿ ಆರು ತಿಂಗಳು ನಷ್ಟದಲ್ಲಿ ಮಾರಿ ಎದುರಾಳಿಯನ್ನು ಮುಗಿಸಬಹುದು. ನಾಲ್ಕು ಮೇಜಿನ ಖಾನಾವಳಿ ಆರು ದಿನಕ್ಕೆ ತಾನೇ ಮುಗಿಯುತ್ತದೆ. ಇಷ್ಟು ಸರಳ ಗಣಿತ ಮೆಸೇಜು ಬರೆಯುವಾಗ ನನಗೆ ಹೊಳೆದಿರಲಿಲ್ಲ.

ಬೆಲೆ ಇಳಿಸದೆ, ಕೊಳ್ಳುವವನ ಅಂಜಿಕೆ ಇಳಿಸಿ ಮಾರುವುದು ನಮ್ಮ ಕಡೆಯವರಿಗೆ ಹಳೆಯ ವಿದ್ಯೆ. ಅದನ್ನು ಕಾಣಬೇಕಾದರೆ ಪುಣೆಯಿಂದ ಹೊರಟು ಮಲಪ್ರಭೆಯ ದಂಡೆಗೆ ಹೋಗಬೇಕು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದರು. (1880ರಲ್ಲಿ ಪುಣೆಯಲ್ಲಿ 'ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಮಾಡಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಕೂಡ ಇದೇ ಊರಿನವರು. ಒಂದು ಹಳ್ಳಿ ಪುಣೆಗೆ ನಾಟಕವನ್ನೂ ಎಂಜಿನ್ನನ್ನೂ ಕೊಟ್ಟಿದೆ.) ಲಕ್ಷ್ಮಣರಾಯರು ಮುಂಬೈಯ ಜೆ.ಜೆ. ಕಲಾಶಾಲೆಗೆ ಚಿತ್ರಕಲೆ ಕಲಿಯಲು ಹೋದರು. ಕೆಲವು ಬಣ್ಣಗಳು ಕಣ್ಣಿಗೆ ಸರಿಯಾಗಿ ಗೊತ್ತಾಗುವುದಿಲ್ಲವೆಂದು ಅದನ್ನು ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮಾಸ್ತರರಾದರು. ಅಲ್ಲಿದ್ದಾಗಲೇ ಮುಂಬೈಯಲ್ಲಿ ಸೈಕಲ್ ಕೊಂಡು ಬೆಳಗಾವಿಯ ಅಣ್ಣ ರಾಮಣ್ಣನಿಗೆ ಕಳಿಸುತ್ತಿದ್ದರು. ರಾಮಣ್ಣ ಅದನ್ನು ಮಾರುತ್ತಿದ್ದರು, ಕೊಂಡವರಿಗೆ ಹೊಡೆಯಲು ಕಲಿಸುತ್ತಲೂ ಇದ್ದರು. ಕಿರ್ಲೋಸ್ಕರ್ ಉದ್ಯಮ ತನ್ನ ಹುಟ್ಟಿನ ವರ್ಷವೆಂದು ಹೇಳಿಕೊಳ್ಳುವ 1888, ಈ ಸೈಕಲ್ ಅಂಗಡಿಯ ಲೆಕ್ಕದ್ದು.

ಕಲಿಸುತ್ತಿದ್ದರು ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲೋಣ. ಆ ಕಾಲದ ಬೆಳಗಾವಿಯಲ್ಲಿ ಸೈಕಲ್ ಕೊಳ್ಳುವ ತಾಕತ್ತಿದ್ದವರು ವಕೀಲರು, ಅಧಿಕಾರಿಗಳು, ಜಮೀನ್ದಾರರು. ಅವರಿಗೆ ಬೆಲೆಗಿಂತ ಹೆಚ್ಚಿನ ತೊಡಕು ಇನ್ನೊಂದಿದ್ದಿರಬೇಕು. ನಡುಬಜಾರಿನಲ್ಲಿ ಪೇಟ ಸಮೇತ ಬಿದ್ದರೆ ಮಾನದ ಗತಿ ಏನು? ಅಂಗಡಿಯವನೇ ಹಿಂದಿನ ಸೀಟು ಹಿಡಿದು ಓಡುತ್ತಾ ಕಲಿಸಿದರೆ ಆ ಅಂಜಿಕೆ ಹೋಗುತ್ತದೆ. ಕಲಿತವನು ಊರೆಲ್ಲ ತಿರುಗುತ್ತಾನೆ, ಜಾಹೀರಾತಿನ ಖರ್ಚೂ ಇಲ್ಲದೆ ಊರೆಲ್ಲ ನೋಡುತ್ತದೆ.

ಬಡ್ತಿ ತನ್ನ ಕೈ ತಪ್ಪಿ ಆಂಗ್ಲೋ-ಇಂಡಿಯನ್ ಒಬ್ಬರಿಗೆ ಹೋದಾಗ ಲಕ್ಷ್ಮಣರಾಯರು ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಅಲ್ಲಿ ಸೈಕಲ್ಲಿನ ವಿದ್ಯೆ ನಡೆಯಲಿಲ್ಲ. ಕಬ್ಬಿಣ ತಾಗಿದರೆ ನೆಲ ವಿಷವಾಗುತ್ತದೆ ಎಂದು ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಅಂಗಡಿಯಲ್ಲಿ ಮಾಲು ಇಟ್ಟುಕೊಂಡು ಎರಡು ಮುಂಗಾರು, ಎರಡು ಹಿಂಗಾರು ಕಾಯುವುದೆಂದರೇನು ಎಂಬುದು ಬಾಡಿಗೆ ಕಟ್ಟಿದವರಿಗೇ ಗೊತ್ತು. ರೈತ ಬೋರ್ಡು ನೋಡಿ ನೇಗಿಲು ಕೊಳ್ಳುವವನಲ್ಲ. ಪಕ್ಕದ ಹೊಲದವನು ಉತ್ತು, ಬಿತ್ತಿ, ಆ ನೆಲದಲ್ಲಿ ಬೆಳೆ ಎದ್ದು ನಿಂತದ್ದನ್ನು ಕಂಡ ಮೇಲೆಯೇ ಅವನು ಚೀಲಕ್ಕೆ ಕೈ ಹಾಕುವುದು. ಮೊದಲನೆಯ ನೇಗಿಲಿಗೆ ಎರಡು ವರ್ಷ ಹಿಡಿದದ್ದಕ್ಕೂ ಮುಂದಿನವು ಸಾವಿರಗಟ್ಟಲೆ ಹೋದದ್ದಕ್ಕೂ ಕಾರಣ ಒಂದೇ ಎಂದು ನನ್ನ ಲೆಕ್ಕ.

ಕೆಟ್ಟ ಕಾಲ ಅಲ್ಲಿಗೇ ಮುಗಿಯಲಿಲ್ಲ. ಹೊಸ ಬಡಾವಣೆಗೆಂದು ಬೆಳಗಾವಿಯ ನಗರಸಭೆ ಕಾರ್ಖಾನೆಯ ಜಾಗ ಬಿಡಿಸಿತು. ಔಂಧ್ ಸಂಸ್ಥಾನದ ರಾಜರು ಕುಂಡಲ್ ರೋಡ್ ಸ್ಟೇಷನ್ ಹತ್ತಿರ ನೆಲವನ್ನೂ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿಯೂ ಹಾವೂ ತುಂಬಿದ್ದ ಆ ಬಯಲು 1910ರಲ್ಲಿ ಕಿರ್ಲೋಸ್ಕರವಾಡಿ ಆಯಿತು.

ನನಗೆ ಇದೆಲ್ಲಕ್ಕಿಂತ ಕುತೂಹಲದ್ದು 1920ರ ಸಂಗತಿ. ಆ ವರ್ಷ ಲಕ್ಷ್ಮಣರಾಯರ ಅಣ್ಣನ ಮಗ ಶಂಕರರಾವ್, ಚಿತ್ರಕಲೆ ಕಲಿತು ಬಂದು ಕಾರ್ಖಾನೆಯ ಜಾಹೀರಾತು ನೋಡಿಕೊಳ್ಳುತ್ತಿದ್ದವರು, 'ಕಿರ್ಲೋಸ್ಕರ್ ಖಬರ್' ಎಂಬ ಪತ್ರಿಕೆ ಶುರು ಮಾಡಿದರು. ನೇಗಿಲು ಮಾಡುವ ಕಂಪನಿಗೆ ಪತ್ರಿಕೆ ಏಕೆ ಬೇಕು? ಮೊದಲಿಗೆ ಅದು ಮನೆಯ ಸುದ್ದಿಯ ಹಾಳೆ, ಕಾರ್ಖಾನೆಯವರಿಗೆ ಮತ್ತು ಗಿರಾಕಿಗಳಿಗೆ. ನೇಗಿಲು ಕೊಂಡವನ ಮನೆಗೆ ನೇಗಿಲಿನ ನಂಟು ಒಂದೇ ಸಲದ್ದು, ಪತ್ರಿಕೆಯದು ತಿಂಗಳು ತಿಂಗಳಿನದು. ಬರಬರುತ್ತಾ ಹೆಸರಿನಿಂದ ಖಬರ್ ಉದುರಿ 'ಕಿರ್ಲೋಸ್ಕರ್' ಎಂದಷ್ಟೇ ಉಳಿಯಿತು. ಕಥೆ, ವಿಚಾರ, ವಿಜ್ಞಾನ ಸೇರಿ ಮರಾಠಿಯ ದೊಡ್ಡ ಮಾಸಪತ್ರಿಕೆಗಳಲ್ಲಿ ಒಂದಾಯಿತು. 1930ರಲ್ಲಿ 'ಸ್ತ್ರೀ' ಬಂತು, 1934ರಲ್ಲಿ 'ಮನೋಹರ್'. ಮುಂದೆ ಪತ್ರಿಕೆಗಳು ಪುಣೆಗೆ ಬಂದವು. ಗಿರಾಕಿಗೆ ಓದಲು, ಕಲಿಯಲು ಏನಾದರೂ ಕೊಡುತ್ತಾ ವ್ಯಾಪಾರ ಬೆಳೆಸುವ ಈ ಪದ್ಧತಿಗೆ ಈಗ 'ಕಂಟೆಂಟ್ ಮಾರ್ಕೆಟಿಂಗ್' ಎಂಬ ಹೆಸರಿದೆ. ಹಿಂಜವಡಿಯ ಐಟಿ ಹುಡುಗರು ಸಾವಿರಾರು ರೂಪಾಯಿ ಫೀಸು ಕಟ್ಟಿ ಆನ್‌ಲೈನ್‌ನಲ್ಲಿ ಕಲಿಯುತ್ತಾರೆ. ಅದನ್ನು ನೂರು ವರ್ಷದ ಹಿಂದೆ ಮಾಡಿ ತೋರಿಸಿದ ಊರು ಅವರಿಂದ ಒಂದು ರಾತ್ರಿಯ ರೈಲಿನಷ್ಟೂ ದೂರವಿಲ್ಲ.

1941ರಲ್ಲಿ ನಮ್ಮ ಹರಿಹರಕ್ಕೆ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಪುಣೆಯ ಖಡಕಿಗೆ ಆಯಿಲ್ ಎಂಜಿನ್ಸ್ ಬಂದಾಗ ಅದು ಸಣ್ಣ ವ್ಯಾಪಾರವಾಗಿ ಉಳಿದಿರಲಿಲ್ಲ. ಅಲ್ಲಿಂದಾಚೆಯ ಕಥೆ ಇಲ್ಲಿಗೆ ಬೇಡ.

ಪುಣೆಯಲ್ಲಿ ನಮ್ಮವರು ಆಡಿದ ಇನ್ನೊಂದು ಆಟ ನೋಡಬೇಕಾದರೆ ಫರ್ಗ್ಯುಸನ್ ಕಾಲೇಜು ರಸ್ತೆಗೆ ಬರಬೇಕು. ಅಲ್ಲಿನ 'ವೈಶಾಲಿ'ಯಲ್ಲಿ ಕಾಫಿ ಕುಡಿಯದೆ ಪುಣೆಯಲ್ಲಿ ಓದಿದೆ ಎಂದರೆ ಯಾರೂ ನಂಬುವುದಿಲ್ಲ. ಅದನ್ನೂ ಪಕ್ಕದ 'ರೂಪಾಲಿ'ಯನ್ನೂ ಕಟ್ಟಿದವರು ತುಳುನಾಡಿನಿಂದ ಹುಡುಗನಾಗಿ ಬಂದ ಜಗನ್ನಾಥ ಶೆಟ್ಟರು. 2023ರ ನವೆಂಬರಿನಲ್ಲಿ ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಈ ಹೋಟೆಲುಗಳಿಗೆ ಮೊದಲಿದ್ದ ಹೆಸರುಗಳಲ್ಲಿ 'ಮದ್ರಾಸ್' ಇತ್ತು. ಉಡುಪಿಯ ಕಡೆಯವರಿಗೂ ಮದ್ರಾಸಿಗೂ ಏನು ಸಂಬಂಧ? ಆಗ ಆ ಸೀಮೆ ಮದ್ರಾಸ್ ರಾಜ್ಯದಲ್ಲಿತ್ತು ಎಂಬುದನ್ನು ಬಿಟ್ಟರೆ ಹೆಚ್ಚೇನಿಲ್ಲ. ಆದರೆ ಆಗಿನ ಪುಣೆಯವರಿಗೆ ಇಡ್ಲಿ ದೋಸೆಯ ಸೀಮೆಯೆಂದರೆ ಮದ್ರಾಸು. ಬೋರ್ಡಿನ ಮೇಲೆ ತನ್ನ ಊರಿನ ಹೆಸರು ಬರೆದು ಗಿರಾಕಿಗೆ ಭೂಗೋಳದ ಪಾಠ ಮಾಡುವುದಕ್ಕಿಂತ, ಅವನ ಬಾಯಲ್ಲಿ ಆಗಲೇ ಇರುವ ಹೆಸರು ಬರೆಯುವುದು ಜಾಣತನ. ಕಾಲ ಬದಲಾದಾಗ ಆ ಹೆಸರನ್ನು ಬಿಡಲೂ ಹಿಂಜರಿಯಲಿಲ್ಲ. ಇವತ್ತು ವೈಶಾಲಿಯಲ್ಲಿ ಹುಡುಗರು ಮುಗಿಬಿದ್ದು ತಿನ್ನುವುದರಲ್ಲಿ ಮೊದಲನೆಯದು 'ಎಸ್‌ಪಿಡಿಪಿ', ಅಂದರೆ ಸೇವ್, ಪೊಟ್ಯಾಟೊ, ದಹಿ, ಪೂರಿ. ಉಡುಪಿಯ ರಥಬೀದಿಯಲ್ಲಿ ಇದನ್ನು ಕೇಳಿದರೆ ನಿಮ್ಮನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾರೆ. ತುಳುವರ ಅಡುಗೆಮನೆ, ಮದ್ರಾಸಿನ ಬೋರ್ಡು, ಮುಂಬೈಯ ಚಾಟು, ಪುಣೆಯ ಗಿರಾಕಿ. ಶುದ್ಧತೆಯ ಚಿಂತೆ ಮಾಡಿದ್ದರೆ ಆ ಮೇಜುಗಳು ಖಾಲಿ ಇರುತ್ತಿದ್ದವು.

ಇಲ್ಲಿ ಒಂದು ಮಾತು ಅಡ್ಡ ಬರುತ್ತದೆ. ಪುಣೆಯಲ್ಲಿ ಅಂಗಡಿಯ ಹೆಸರು ಜನರ ಬಾಯಲ್ಲಿ ಉಳಿದದ್ದರ ಬಗ್ಗೆ ಮಾತಾಡಿದರೆ ಕೇಳುವವರು ತಕ್ಷಣ ದಗಡೂಶೇಠ್ ಹಲವಾಯಿ ಗಣಪತಿಯನ್ನು ಎತ್ತುತ್ತಾರೆ. ಕರ್ನಾಟಕದ ಕಡೆಯಿಂದ ಬಂದು ನೆಲೆಸಿದ ಲಿಂಗಾಯತ ಮನೆತನವೆಂದು ಹೇಳುವ ದಗಡೂಶೇಠ್ ಗಡವೆ ಮಿಠಾಯಿ ವ್ಯಾಪಾರಿ. ಅದಕ್ಕೇ ಹಲವಾಯಿ. ಅಂಗಡಿಯ ಹೆಸರೇ ದೇವರ ಹೆಸರಾಗಿ ಇವತ್ತು ಲಕ್ಷಾಂತರ ಜನ ಅದನ್ನು ಹೇಳಿ ಕೈಮುಗಿಯುತ್ತಾರೆ. ಇದಕ್ಕಿಂತ ದೊಡ್ಡ ಬ್ರ್ಯಾಂಡಿಂಗ್ ಉಂಟೇ ಎಂದು ಮ್ಯಾನೇಜ್‌ಮೆಂಟ್ ಓದಿದ ಗೆಳೆಯನೊಬ್ಬ ನನ್ನನ್ನು ಕೇಳಿದ. ಆ ಗಣಪತಿ ಕೂತದ್ದು ಪ್ಲೇಗಿಗೆ ಮಗನನ್ನು ಕಳೆದುಕೊಂಡ ಗಂಡ ಹೆಂಡತಿಯ ಸಂಕಟದಿಂದ ಎಂದು ದೇವಸ್ಥಾನದ ಕಥೆ ಹೇಳುತ್ತದೆ. ಗುರುಗಳು ಸಮಾಧಾನಕ್ಕೆಂದು ಹೇಳಿದ ದಾರಿ ಅದು. ಎಲ್ಲವನ್ನೂ ಮಾರ್ಕೆಟಿಂಗಿನ ತಕ್ಕಡಿಗೆ ಹಾಕಬಾರದೆಂದು ಗೆಳೆಯನಿಗೆ ಹೇಳಿದೆ, ಅವನು ಒಪ್ಪಲಿಲ್ಲ.

ಪುಣೆಗೆ ಕೆಟ್ಟ ಕಾಲ ಹೊಸದಲ್ಲ. 1897ರ ಪ್ಲೇಗ್ ಪೇಠೆಗಳನ್ನು ಖಾಲಿ ಮಾಡಿಸಿತು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಅದರ ಹೊಡೆತಕ್ಕೆ ಖಡಕವಾಸಲಾ ಕೂಡ ಒಡೆದು, ಮುಠಾ ನದಿ ಊರಿನೊಳಗೆ ಬಂತು. ನಾರಾಯಣ ಪೇಠೆ, ಶನಿವಾರ ಪೇಠೆಗಳ ಅಂಗಡಿಗಳಲ್ಲಿ ಮಾಲಿನ ಜೊತೆ ಖಾತೆ ಪುಸ್ತಕಗಳೂ ಹೋದವು. ಯಾರು ಎಷ್ಟು ಕೊಡಬೇಕು ಎಂಬ ಲೆಕ್ಕವೇ ನೀರುಪಾಲಾದ ಮೇಲೆ ವ್ಯಾಪಾರಿಗೆ ಉಳಿಯುವ ಬಂಡವಾಳ ಒಂದೇ, ಗಿರಾಕಿಯ ಪರಿಚಯ.

ಕೋಥ್ರೂಡಿನ ಅಕ್ಕಾರಿಗೆ ಆ ಪರಿಚಯವೂ ಇರಲಿಲ್ಲ ಎಂಬುದನ್ನು ನೆನಪಿಡಬೇಕು. ಅವರು ಹತ್ತು ರೂಪಾಯಿಯ ಎರಡು ಗೆರೆ ಪುಸ್ತಕ ತಂದರು. ನಲವತ್ತು ರೊಟ್ಟಿ ಕೊಂಡವರ ಮನೆ ನಂಬರು ಬರೆದರು. ಮರುದಿನ ಪ್ರತಿ ಮನೆಗೂ ಫೋನು ಮಾಡಿ, ಬೇಕೇನು ಎಂದು ಕೇಳಲಿಲ್ಲ, ನಿನ್ನೆಯ ರೊಟ್ಟಿ ಹೇಗಿತ್ತು ಎಂದು ಕೇಳಿದರು. ಆ ಪುಸ್ತಕ ನಾನು ನೋಡಿದ್ದೇನೆ. ಕನ್ನಡದಲ್ಲಿ, ಒತ್ತಕ್ಷರಗಳು ಅರ್ಧ ಇರುವ ಬರಹ. 'ಬಿ 704 ಅಜ್ಜ ಉಪ್ಪು ಕಡಿಮಿ.' 'ಎ 302 ಖಾರ ಬ್ಯಾಡ, ಕೂಸು ಐತಿ.' 'ಸಿ 101 ಗುರುವಾರ ಬಳ್ಳೊಳ್ಳಿ ಇಲ್ಲ.' ದೊಡ್ಡ ಕಂಪನಿಗಳು ಕೋಟಿ ಸುರಿದು ಸಾಫ್ಟ್‌ವೇರಿನಲ್ಲಿ ಕೂಡಿಹಾಕುವ ಮಾಹಿತಿ ಇದೇ. ಆದರೆ ಅವರ ಸಾಫ್ಟ್‌ವೇರಿಗೆ ಕೂಸು ಅತ್ತದ್ದು ಕೇಳಿಸುವುದಿಲ್ಲ.

ಆ ಪುಸ್ತಕದಿಂದಲೇ ಅವರಿಗೆ ಒಂದು ಸಂಗತಿ ಹೊಳೆಯಿತು. ಆ ಅಪಾರ್ಟ್‌ಮೆಂಟಿನಲ್ಲಿ ಮುಕ್ಕಾಲು ಪಾಲು ಮನೆಗಳಲ್ಲಿ ಇರುವವರು ವಯಸ್ಸಾದ ಗಂಡ ಹೆಂಡತಿ, ಮಕ್ಕಳು ಅಮೆರಿಕದಲ್ಲಿ. ಪುಣೆಯ ಹಳೆಯ ಬಡಾವಣೆಗಳ ಕಥೆಯೇ ಅದು. ಅಡುಗೆಯವಳು ಬರುವಂತಿಲ್ಲ, ಅಜ್ಜಿಗೆ ಮೊಣಕಾಲು ನೋವು, ಮಗ ನ್ಯೂಜೆರ್ಸಿಯಲ್ಲಿ ಕೂತು ಚಿಂತೆ ಮಾಡುತ್ತಾನೆ. ಉಣ್ಣುವವರು ಇಲ್ಲಿ, ದುಡ್ಡು ಕೊಡುವವರು ಅಲ್ಲಿ. ಅಕ್ಕಾರು ಅಜ್ಜ ಅಜ್ಜಿಯರಿಂದ ಮಕ್ಕಳ ನಂಬರು ಇಸಿದುಕೊಂಡು, ಡಬ್ಬಿಯಲ್ಲಿ ಊಟ ಕಳಿಸತೊಡಗಿದರು. ಮಧ್ಯಾಹ್ನ ಡಬ್ಬಿ ವಾಪಸು ಬಂದ ಮೇಲೆ ಮಗನಿಗೊಂದು ಮೆಸೇಜು: ಬಾಬಾ ಇವತ್ತು ಎರಡು ರೊಟ್ಟಿ ಉಂಡರು, ಪಲ್ಯ ಸ್ವಲ್ಪ ಉಳಿಸಿದರು. ತೊಳೆಯುವ ಮುಂಚೆ ತೆಗೆದ ಡಬ್ಬಿಯ ಫೋಟೊ.

'ಅವ್ರು ರೊಟ್ಟಿಗೆ ರೊಕ್ಕ ಕೊಡಂಗಿಲ್ರಿ ಅಣ್ಣಾರ,' ಎಂದರು ಅಕ್ಕಾರು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ. 'ಅವ್ವ ಅಪ್ಪ ಉಂಡಾರ ಅಂತ ಯಾರರೆ ಹೇಳ್ಲಿ ಅಂತ ಕೊಡ್ತಾರ.'

ಈ ಮಾತನ್ನು ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರೋ ನನಗೆ ಗೊತ್ತಿಲ್ಲ. ಅವರು ಓದಿದ್ದು ಏಳನೆಯ ಇಯತ್ತೆ.

ಎಲ್ಲವೂ ಸರಾಗ ಆಯಿತೆಂದಲ್ಲ. ಖಡಕ್ ರೊಟ್ಟಿ ಮಾಡಿ ಕೊರಿಯರಿನಲ್ಲಿ ಬೆಂಗಳೂರಿಗೆ ಕಳಿಸಲು ಹೋಗಿ ಮೊದಲ ಕಂತು ಪೂರ್ತಿ ಪುಡಿಯಾಯಿತು. ಕೊಂಡವರು ಪುಡಿಯ ಫೋಟೊ ಕಳಿಸಿದರು, ದುಡ್ಡು ವಾಪಸು ಹೋಯಿತು. ಮುಂದಿನ ಸಲ ಬಿಸ್ಕತ್ತಿನ ದುಂಡು ತಗಡಿನ ಡಬ್ಬ ಹುಡುಕಿ ತಂದರು, ರೊಟ್ಟಿಯನ್ನೇ ಡಬ್ಬದ ಅಳತೆಗೆ ಸಣ್ಣದು ಮಾಡಿದರು. ಮಗ ಒಂದು ಇನ್‌ಸ್ಟಾಗ್ರಾಂ ಪುಟ ಮಾಡಿದ. ರೀಲ್ಸ್ ನೋಡಿದವರು ಬಹಳ, ಕೊಂಡವರು ಕಡಿಮೆ, ಏಕೆಂದರೆ ನೋಡಿದವರು ಇಂದೋರಿನವರು, ಪಟ್ನಾದವರು. ಅಲ್ಲಿಗೆ ಬಿಸಿ ರೊಟ್ಟಿ ಹೋಗುವುದು ಹೇಗೆ? ಅರ್ಧ ಕಿಲೋಮೀಟರಿನೊಳಗಿನ ಇನ್ನೂರು ಮನೆಗೆ ಗೊತ್ತಾದರೆ ಸಾಕು ಎಂಬ ತೀರ್ಮಾನಕ್ಕೆ ಬರಲು ಹುಡುಗನಿಗೆ ಐದು ತಿಂಗಳು ಹಿಡಿಯಿತು.

2020ರ ಜೂನ್ 1ರಂದು ಕೇಂದ್ರ ಸರ್ಕಾರ ಬೀದಿ ವ್ಯಾಪಾರಿಗಳಿಗೆ ಹತ್ತು ಸಾವಿರ ರೂಪಾಯಿ ಸಾಲದ 'ಪಿಎಂ ಸ್ವನಿಧಿ' ತಂದಿತು. ನೂರಹತ್ತು ವರ್ಷದ ಹಿಂದೆ ಔಂಧದ ರಾಜರು ಕೊಟ್ಟ ಮೊತ್ತವೂ ಹತ್ತು ಸಾವಿರವೇ ಎಂದು ನನಗೆ ನಗು ಬಂತು, ಆಗಿನ ಹತ್ತು ಸಾವಿರಕ್ಕೆ ಒಂದು ಊರೇ ಎದ್ದಿತ್ತು. ಬಾಡಿಗೆಯ ಮಳಿಗೆಯಲ್ಲಿದ್ದ ಇವರು ಬೀದಿ ವ್ಯಾಪಾರಿಗಳಲ್ಲವಾದ್ದರಿಂದ ಅದೂ ಸಿಗಲಿಲ್ಲ. ಕೈ ಹಿಡಿದದ್ದು ಬಚತ್ ಗಟದ, ಅಂದರೆ ಸ್ವಸಹಾಯ ಸಂಘದ, ಹೆಂಗಸರ ಚೀಟಿ ದುಡ್ಡು.

ಆಮೇಲೆ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ಪುಣೆಯ ಬಾಣೇರಿನ ಹವಾನಿಯಂತ್ರಿತ ಅಂಗಡಿಗಳಲ್ಲಿ ಜೋಳ 'ಮಿಲೆಟ್' ಆಗಿ, ಕಂದು ಕಾಗದದ ಪೊಟ್ಟಣದಲ್ಲಿ ಕೂತಿತು. ಬಿಳಿ ಅನ್ನ ಉಣ್ಣುವವರ ಎದುರು ಜೋಳದ ರೊಟ್ಟಿಯ ಬುತ್ತಿ ಬಿಚ್ಚಲು ನಾಚುತ್ತಿದ್ದ ನಮ್ಮ ಕಡೆಯ ಮಕ್ಕಳನ್ನು ನಾನು ಬಲ್ಲೆ, ನಾನೇ ಅವರಲ್ಲೊಬ್ಬ. ಅಕ್ಕಾರು ಮಗನ ಒತ್ತಾಯಕ್ಕೆ ಬೋರ್ಡಿನಲ್ಲಿ ಮಿಲೆಟ್ ಎಂದು ಒಂದು ವಾರ ಬರೆಸಿದರು, ಆಮೇಲೆ ಅಳಿಸಿದರು. ಹಳೆಯ ಗಿರಾಕಿಗಳು ಬೆಲೆ ಏರಿತೇನೋ ಎಂದು ಹೊರಗೇ ನಿಂತು ಯೋಚಿಸುತ್ತಿದ್ದರಂತೆ.

ಈಗ ನಾಲ್ಕು ಮೇಜಿನಲ್ಲಿ ಎರಡನ್ನು ತೆಗೆದಿದ್ದಾರೆ. ಆ ಜಾಗದಲ್ಲಿ ಡಬ್ಬಿ ಜೋಡಿಸುವ ಕಪಾಟು. ರೊಟ್ಟಿ ಬಡಿಯಲು ಇನ್ನಿಬ್ಬರು ಹೆಂಗಸರು ಬರುತ್ತಾರೆ, ಒಬ್ಬಳು ವಿಜಯಪುರದ ಕಡೆಯ ಇಂಡಿಯವಳು, ಇನ್ನೊಬ್ಬಳು ಸೊಲ್ಲಾಪುರದ ಕಡೆಯ ಮರಾಠಿಯವಳು. ಕುಂತು ಉಣ್ಣುವವರಿಗೆ ಜಾಗ ಸಾಲದು ಎಂದು ಗಂಡ ಗೊಣಗುತ್ತಾನೆ. ಪಕ್ಕದ ಬಡಾವಣೆಯಲ್ಲಿ ಇನ್ನೊಂದು ಮಳಿಗೆ ಹಿಡಿಯೋಣ ಎಂದು ಮಗ ಮೂರು ಸಲ ಕೇಳಿದ್ದಾನೆ. ಅಲ್ಲಿ ಯಾರ ಮನೆಯಲ್ಲಿ ಉಪ್ಪು ಎಷ್ಟು ಎಂದು ತನಗೆ ಗೊತ್ತಿಲ್ಲ ಎಂಬುದು ಅಕ್ಕಾರ ಉತ್ತರ.

ಕಳೆದ ತಿಂಗಳು ಈ ಲೇಖನಕ್ಕೆ ಒಂದೆರಡು ಲೆಕ್ಕ ಕೇಳಬೇಕೆಂದು ಹೋದೆ. ಮಧ್ಯಾಹ್ನ ಎರಡೂವರೆ ಆಗಿತ್ತು. ಷಟರ್ ಅರ್ಧ ಇಳಿದಿತ್ತು. ಒಳಗೆ ಫ್ಯಾನ್ ತಿರುಗುವ ಸದ್ದು. ಬಗ್ಗಿ ಕರೆದೆ. ಹುಡುಗ ಕಣ್ಣುಜ್ಜಿಕೊಳ್ಳುತ್ತಾ ತಲೆ ಹೊರಗೆ ಹಾಕಿ, ಅವ್ವ ಅಡ್ಡಾಗ್ಯಾಳ, ನಾಲ್ಕಕ್ಕ ಬರ್ರಿ ಎಂದ.